ಅಪ್ಪ ಹೇಳಿದ ಮೀನಿನ ಕಥೆ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬರುವುದೆಂದು ತಾವು ನಿರೀಕ್ಷಿಸಿರಬಹುದು. ಒಳಗೆ ಹೋಳಿಗೆಯ ಪರಿಮಳ ಏಳುತ್ತಿರುವಾಗ ಆ ಮಾತು ಸಲ್ಲದು. ಇಂದು ನಾವು ಆರಿಸಿಕೊಂಡಿರುವುದು ಒಂದು ಚಲನಚಿತ್ರವನ್ನು.

ಡೇನಿಯಲ್ ವ್ಯಾಲೇಸ್ ಅವರ 1998ರ ಕಾದಂಬರಿಯನ್ನು ಆಧರಿಸಿ ಟಿಮ್ ಬರ್ಟನ್ 2003ರಲ್ಲಿ 'ಬಿಗ್ ಫಿಷ್' ಎಂಬ ಚಿತ್ರವನ್ನು ನಿರ್ದೇಶಿಸಿದರು. ಅದಕ್ಕೆ ಸ್ವಲ್ಪವೇ ಮುಂಚೆ, 2000ದಲ್ಲಿ ಅವರ ತಂದೆಯೂ 2002ರಲ್ಲಿ ತಾಯಿಯೂ ತೀರಿಕೊಂಡಿದ್ದರು. ಕಥಾನಾಯಕ ಎಡ್ವರ್ಡ್ ಬ್ಲೂಮ್ ಅಲಬಾಮಾದವನು, ಊರೂರು ತಿರುಗಿ ಸರಕು ಮಾರುವವನು. ಅವನ ಬಾಯಲ್ಲಿ ಎಲ್ಲವೂ ಅದ್ಭುತವಾಗುತ್ತದೆ: ಗುಹೆಯಲ್ಲಿ ವಾಸಿಸುವ ದೈತ್ಯ, ಸೊಂಟದಲ್ಲಿ ಅಂಟಿಕೊಂಡ ಅವಳಿ ಗಾಯಕಿಯರು, ಗಾಜಿನ ಕಣ್ಣಿನಲ್ಲಿ ನೋಡುವವರ ಮರಣವನ್ನೇ ತೋರಿಸುವ ಮಾಟಗಾತಿ. ಮಗ ವಿಲ್ ಹುಟ್ಟಿದ ದಿನ ತಾನು ಮದುವೆಯ ಉಂಗುರವನ್ನೇ ಗಾಳಕ್ಕೆ ಕಟ್ಟಿ ಯಾರಿಗೂ ಸಿಗದ ಮೀನನ್ನು ಹಿಡಿದೆನೆಂಬುದು ಅವನ ಅಚ್ಚುಮೆಚ್ಚಿನ ಕಥೆ. ಮಗನ ಮದುವೆಯ ಔತಣದಲ್ಲೂ ಅದನ್ನೇ ಹೇಳುತ್ತಾನೆ. ಅಲ್ಲಿಗೆ ಮಗನ ಸಹನೆ ಮುಗಿಯಿತು, ಮೂರು ವರ್ಷ ಮಾತು ನಿಂತಿತು. ತಂದೆಗೆ ಕೊನೆಗಾಲ ಬಂದಾಗ ಮಗ ಪ್ಯಾರಿಸಿನಿಂದ ಬಂದು ಕೇಳುವುದು ಒಂದನ್ನೇ, ನಿಜವಾಗಿ ನಡೆದದ್ದೇನೆಂದು.

ಇಂಥ ಅಪ್ಪಂದಿರು ನಮಗೆ ಹೊಸಬರಲ್ಲ. ಬುರುಡೆ, ಬೊಗಳೆ, ರೈಲು ಬಿಡುವುದು ಎಂದು ಅವರಿಗಾಗಿಯೇ ನಾವು ಎಷ್ಟು ಮಾತುಗಳನ್ನು ಕಟ್ಟಿಕೊಂಡಿದ್ದೇವೆ! ನಮ್ಮ ಅಜ್ಜಂದಿರು ತುಂಬಿ ಹರಿಯುವ ತುಂಗೆಯನ್ನು ಈಜಿ ಪರೀಕ್ಷೆಗೆ ಹೋದವರು, ಆಗುಂಬೆ ಘಾಟಿಯಲ್ಲಿ ಹುಲಿಗೆ ದಾರಿ ಬಿಡೆಂದು ಗದರಿದವರು. ಈ ದೇಶಕ್ಕೆ ಬಂದ ಮೇಲೂ ವಂಶದ ವಿದ್ಯೆ ಅಳಿಯಲಿಲ್ಲ. 1979ರ ಜನವರಿಯಲ್ಲಿ ಷಿಕಾಗೋದಲ್ಲಿ ಬಿದ್ದ ಹಿಮ ನಮ್ಮ ಹಿರಿಯರ ಬಾಯಲ್ಲಿ ವರ್ಷಕ್ಕೊಂದು ಅಡಿ ಏರುತ್ತ ಬಂದು ಈಗ ಮಾಳಿಗೆಯನ್ನು ದಾಟಿದೆ.

ಚಿತ್ರದಲ್ಲಿ ನಮ್ಮನ್ನು ಹೆಚ್ಚಾಗಿ ಹಿಡಿದದ್ದು, ಸ್ವಾಭಾವಿಕವಾಗಿಯೇ, ವೈದ್ಯನ ದೃಶ್ಯ. ಆಸ್ಪತ್ರೆಯಲ್ಲಿ ಡಾಕ್ಟರ್ ಬೆನೆಟ್ ಮಗನಿಗೆ ಅವನ ಹುಟ್ಟಿನ ನಿಜಸಂಗತಿಯನ್ನು ತಿಳಿಸುತ್ತಾರೆ. ಹೆರಿಗೆ ಒಂದು ವಾರ ಮುಂಚಿತವಾಗಿ ಆಯಿತು, ತೊಡಕೇನೂ ಇರಲಿಲ್ಲ, ತಂದೆ ವ್ಯಾಪಾರಕ್ಕಾಗಿ ಪರವೂರಿನಲ್ಲಿದ್ದ. ಇಷ್ಟೇ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ತಾವು ಮೀನಿನ ಕಥೆಯನ್ನೇ ಆರಿಸಿಯೇವೆಂದು ಅವರು ಮೆಲ್ಲಗೆ ಸೇರಿಸುತ್ತಾರೆ.

ವೃತ್ತಿಬಾಂಧವರಾದ ಬೆನೆಟ್ ಅವರಲ್ಲಿ ನಮಗೆ ಗೌರವವಿದ್ದರೂ ಇಲ್ಲಿ ಪೂರ್ಣ ಒಪ್ಪಿಗೆಯಿಲ್ಲ. ಮಗ ಹುಟ್ಟಿದಾಗ ಅಪ್ಪ ಅಲ್ಲಿರಲಿಲ್ಲವೆಂಬುದನ್ನು ಆ ಮೀನು ನುಂಗಿಬಿಟ್ಟಿತು. ರಾತ್ರಿ ಪಾಳಿಯ ವೈದ್ಯರ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಕೇಳಿದರೆ ವಿಲ್‌ನ ಸಿಟ್ಟು ಏನೆಂಬುದನ್ನು ಅವರು ವಿವರಿಸಿಯಾರು. ಅಪ್ಪನ ಪರಾಕ್ರಮದ ಕಥೆ ಅವರಿಗೆ ಬೇಕಾದಷ್ಟು ಸಿಕ್ಕಿತು, ಅಪ್ಪ ಸಿಕ್ಕದ್ದು ಭಾನುವಾರ ಮಧ್ಯಾಹ್ನ. ಚಿತ್ರ ಈ ದೂರನ್ನು ತುಸು ಬೇಗನೆ ಮನ್ನಿಸಿಬಿಡುತ್ತದೆ.

ಆದರೆ ನಿಜವೊಂದೇ ಸಾಕೆನ್ನುವ ಮಗನಿಗೂ ಉತ್ತರವುಂಟು. ಅದನ್ನು ಕೊಟ್ಟವರು ಮೈಸೂರಿನ ಒಬ್ಬ ತಂದೆ. ಅವರ ಮಗ ಎ.ಕೆ. ರಾಮಾನುಜನ್ ತಮಗೆಲ್ಲ ಪರಿಚಿತರು. 1962ರಿಂದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, 1993ರಲ್ಲಿ ಈ ನಗರದಲ್ಲಿಯೇ ತೀರಿಕೊಂಡವರು. ಅವರ ತಂದೆ ಗಣಿತದ ಪ್ರಾಧ್ಯಾಪಕರು, ಖಗೋಳವನ್ನೂ ಬಲ್ಲವರು, ಜಾತಕವನ್ನೂ ಬರೆಯುವವರು. ಆಗತಾನೆ ವಿಜ್ಞಾನದ ದೀಕ್ಷೆ ಪಡೆದಿದ್ದ ಮಗನಿಗೆ ಇದು ಸಹಿಸದಾಯಿತು. ಒಂದೇ ತಲೆಯಲ್ಲಿ ಇವೆರಡೂ ಹೇಗೆ ಇರಬಲ್ಲವೆಂದು ಕಾಡಿದಾಗ, ಮಿದುಳಿಗೆ ಎರಡು ಪಾಲುಗಳಿರುವುದು ನಿನಗೆ ತಿಳಿಯದೇ ಎಂಬರ್ಥದ ಮಾತನ್ನು ತಂದೆ ಆಡಿದರಂತೆ. ನರವಿಜ್ಞಾನದ ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕ ಬಾರದು. ಮಗನಾದರೋ ಅದನ್ನು ಮುಂದೆ ಒಂದು ಪ್ರಬಂಧದಲ್ಲಿ ಬರೆದಿಟ್ಟರು.

ಚಿತ್ರದ ಅಂತ್ಯಕ್ಕೆ ಬರೋಣ. ಮಾಟಗಾತಿಯ ಕಣ್ಣಿನಲ್ಲಿ ತಾನು ಕಂಡ ಮರಣ ಎಂಥದೆಂದು ತಂದೆ ಯಾರಿಗೂ ಹೇಳಿರಲಿಲ್ಲ. ಈಗ ನಾಲಗೆ ಸೋತು, ಅದು ಹೇಗಾಗುತ್ತದೆ ಹೇಳು ಎಂದು ಮಗನನ್ನೇ ಬೇಡುತ್ತಾನೆ. ಜೀವಮಾನವೆಲ್ಲ ನಿಜವನ್ನೇ ಕೇಳಿದ ಮಗ ತಡವರಿಸುತ್ತ ಒಂದು ಬುರುಡೆಯನ್ನು ಆರಂಭಿಸುತ್ತಾನೆ. ಇಬ್ಬರೂ ಆಸ್ಪತ್ರೆಯಿಂದ ತಪ್ಪಿಸಿಕೊಂಡು ನದಿಗೆ ಹೋಗುತ್ತಾರೆ, ಕಥೆಗಳ ಜನರೆಲ್ಲ ದಡದಲ್ಲಿ ಕೈಬೀಸುತ್ತಿದ್ದಾರೆ, ತಂದೆ ನೀರಿಗಿಳಿದು ದೊಡ್ಡ ಮೀನಾಗಿ ಈಜಿಹೋಗುತ್ತಾನೆ. ಬಹಳ ಮರಣಗಳನ್ನು ಕಂಡಿರುವ ನಮಗೂ ಇಲ್ಲಿ ಕಣ್ಣು ಒದ್ದೆಯಾಗುತ್ತದೆ.

ಮಗನಿಗೆ ಇದು ಸಾಧ್ಯವಾದದ್ದು ಹೇಗೆ? ಬೇಸರಪಟ್ಟುಕೊಂಡೇ ಆದರೂ ಅವನು ಆ ಕಥೆಗಳನ್ನು ಸಾವಿರ ಸಲ ಕೇಳಿದ್ದ. ನಮ್ಮ ಮನೆಗಳಲ್ಲಿ ಕೇಳುವವರು ಯಾರು? ರಾಮ್ ರೆಡ್ಡಿಯವರ 2015ರ 'ತಿಥಿ' ಚಿತ್ರದಲ್ಲಿ ಗಡ್ಡಪ್ಪ ತನ್ನ ಬದುಕಿನ ಕಥೆಯನ್ನು ಬಿಚ್ಚುವುದು ಅಲೆಮಾರಿ ಕುರಿಗಾಹಿಗಳ ಮುಂದೆ, ಮಗ ತಮ್ಮಣ್ಣನ ಮುಂದಲ್ಲ. ಡೆಟ್ರಾಯಿಟ್ ಸುತ್ತಿನ ನಮ್ಮ ಮನೆಗಳಲ್ಲೂ ಬುರುಡೆಗಳು ಕನ್ನಡದಲ್ಲಿ ಅರಳುವುದು ನೆಲಮಾಳಿಗೆಯಲ್ಲಿ, ಗೆಳೆಯರ ನಡುವೆ. ಮಕ್ಕಳು ಮಹಡಿಯ ಮೇಲೆ ವಿಡಿಯೋ ಆಟದಲ್ಲಿರುತ್ತಾರೆ.

ವೈದ್ಯರಾಗಿ ಒಂದು ಮಾತು. ಮರೆವಿನ ಕಾಯಿಲೆ ಬಂದ ಹಿರಿಯರಲ್ಲಿ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮೊದಲ ಭಾಷೆ ಮುಂದೆ ಬರುವುದನ್ನು ನಾವು ಹಲವು ಸಲ ಕಾಣುತ್ತೇವೆ. ಮೂವತ್ತು ವರ್ಷ ಮೋಟಾರು ಕಾರ್ಖಾನೆಯಲ್ಲಿ ಇಂಗ್ಲಿಷಿನಲ್ಲೇ ಬಾಳಿದವರು ನರ್ಸಿನ ಬಳಿ ಕನ್ನಡದಲ್ಲಿ ನೀರು ಕೇಳುತ್ತಾರೆ. ಹುಲಿ, ತುಂಗೆ, ಎಲ್ಲವೂ ಆಗ ಕನ್ನಡದಲ್ಲೇ ಹೊರಬರುತ್ತವೆ. ಹಾಸಿಗೆಯ ಪಕ್ಕದಲ್ಲಿ ಕೈ ಹಿಡಿದು ಕುಳಿತ ಮಗನಿಗೆ ಪ್ರೀತಿಯ ಕೊರತೆಯಿಲ್ಲ. ಅವನು ನಮ್ಮ ಕಡೆ ತಿರುಗಿ, ಅಪ್ಪ ಏನೆನ್ನುತ್ತಿದ್ದಾರೆ ಎಂದು ಕೇಳುತ್ತಾನೆ.

ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಬರುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರು ಕಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಜೋಡಿನ ರೂಪ ತಾಳಿ ಹೊಸ್ತಿಲ ಹೊರಗೆ ಕುಳಿತಿತು, ಹಾಡು ಅಂಗಿಯಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಬಂದು ಯಾರವು ಎಂದ. ಅವಳಿಗೂ ತಿಳಿಯದು. ಜಗಳವಾಗಿ ಅವನು ಕಂಬಳಿ ಹೊತ್ತು ಆಂಜನೇಯನ ಗುಡಿಗೆ ಮಲಗಲು ಹೋದ. ಮನೆಮನೆಯ ದೀಪ ಆರಿಸಿದ ಮೇಲೆ ಊರಿನ ಜ್ವಾಲೆಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ಜ್ವಾಲೆ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಸಂಶಯ ಕಳೆದು, ಬೆಳಗಾಗುವಾಗ ಮನೆಗೆ ಬಂದವನು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ.

"ಯಾವ ಕಥೆ? ಯಾವ ಹಾಡು?" ಎಂದಳಂತೆ ಅವಳು.