ಕೋಶದ ಹೊಸ್ತಿಲಲ್ಲಿ ನಿಂತ ಗ್ರಾಹಕ

ಬಾಗಿಲಿಗೆ ಬಂದ ನೆಂಟನನ್ನು ಕೈಹಿಡಿದು ಒಳಗೆ ಕರೆಯುವವರಿಲ್ಲದಿದ್ದರೆ ಅವನು ಬೀದಿಯಲ್ಲೇ ಅಲೆಯಬೇಕಾಗುತ್ತದೆ. ನಮ್ಮ ರಕ್ತದಲ್ಲಿ ಕೊಲೆಸ್ಟರಾಲಿಗೂ ಒಮ್ಮೊಮ್ಮೆ ಇದೇ ಗತಿ.

ಕೊಲೆಸ್ಟರಾಲ್ ಎಂದೊಡನೆ ನಾವು ಬೆದರುತ್ತೇವೆ. ಆದರೆ ಅದಿಲ್ಲದೆ ಜೀವಕೋಶದ ಪೊರೆಯಿಲ್ಲ, ಪಿತ್ತರಸವಿಲ್ಲ, ಹಲವು ಹಾರ್ಮೋನುಗಳೂ ಇಲ್ಲ. ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಅದರ ಬಹುಪಾಲು ಎಲ್‌ಡಿಎಲ್ ಎಂಬ ಕಣಗಳಲ್ಲಿ ಅಡಗಿ ರಕ್ತದಲ್ಲಿ ಸಂಚರಿಸುತ್ತದೆ. ಈ ಕಣಗಳನ್ನು ಕೋಶದೊಳಕ್ಕೆ ಬರಮಾಡಿಕೊಳ್ಳುವ ಗ್ರಾಹಕ ಪ್ರೋಟೀನನ್ನು 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಕಂಡುಹಿಡಿದವರು ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. 1985ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈ ಗ್ರಾಹಕವು 839 ಅಮೈನೋ ಆಮ್ಲಗಳ ಒಂದೇ ಸರಪಳಿ. ಅದರ ಹೆಚ್ಚಿನ ಭಾಗ ಕೋಶದ ಹೊರಗೆ ಚಾಚಿಕೊಂಡಿದೆ. ತುದಿಯಲ್ಲಿ ಒಂದನ್ನೊಂದು ಹೋಲುವ ಏಳು ಮಡಿಕೆಗಳಿವೆ. ಎಲ್‌ಡಿಎಲ್ ಕಣವನ್ನು ಹಿಡಿಯುವ ಬೆರಳುಗಳು ಇವೇ. 22 ಅಮೈನೋ ಆಮ್ಲಗಳ ಒಂದು ತುಣುಕು ಪೊರೆಯನ್ನು ಹಾದುಹೋಗುತ್ತದೆ. ಒಳಗಿರುವುದು 50 ಅಮೈನೋ ಆಮ್ಲಗಳ ಪುಟ್ಟ ಬಾಲ. ಕಣವನ್ನು ಹಿಡಿದ ಗ್ರಾಹಕವು ಪೊರೆಯ ಒಂದು ಗುಳಿಯಲ್ಲಿ ಸೇರುತ್ತದೆ. ಗುಳಿ ಚೀಲವಾಗಿ ಒಳಸರಿಯುತ್ತದೆ. ಅಲ್ಲಿಯ ಆಮ್ಲೀಯತೆಯಲ್ಲಿ ಹಿಡಿತ ಸಡಿಲಿ, ಕಣ ಜೀರ್ಣವಾಗಲು ಮುಂದೆ ಸಾಗುತ್ತದೆ, ಗ್ರಾಹಕ ಹೊಸ್ತಿಲಿಗೆ ಮರಳುತ್ತದೆ. ಈ ಹೋಗಿಬರುವಿಕೆಗೆ ಹಿಡಿಯುವ ಕಾಲ ಸುಮಾರು 10 ನಿಮಿಷ.

ಬಾಲಕ್ಕೇನು ಬೆಲೆ ಎಂದೀರಿ. ಒಬ್ಬ ರೋಗಿಯ ಕೋಶಗಳಲ್ಲಿ ಗ್ರಾಹಕಗಳು ಎಲ್‌ಡಿಎಲ್ ಕಣಗಳನ್ನು ಹಿಡಿಯುತ್ತಿದ್ದವು, ಆದರೆ ಒಳಕ್ಕೆ ಒಯ್ಯುತ್ತಿರಲಿಲ್ಲ. ಪರೀಕ್ಷಿಸಿದಾಗ, ಆ ಬಾಲದಲ್ಲಿ ಟೈರೋಸಿನ್ ಇರಬೇಕಾದ ಒಂದೆಡೆ ಸಿಸ್ಟೀನ್ ಇತ್ತು. 839ರಲ್ಲಿ ಒಂದೇ ಒಂದು! ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ. ಇಲ್ಲಿ ಬದುಕೇ ಕೆಡುತ್ತದೆ.

ರಚನೆಯಷ್ಟೇ ಮುಖ್ಯವಾದುದು ನೆಲೆ. ಈ ಗ್ರಾಹಕವನ್ನು ದೇಹದ ಬಹುತೇಕ ಕೋಶಗಳು ತಯಾರಿಸಬಲ್ಲವು. ಹಾರ್ಮೋನು ತಯಾರಿಸುವ ಅಡ್ರಿನಲ್ ಗ್ರಂಥಿಯಲ್ಲಿ ಅವು ದಟ್ಟವಾಗಿವೆ. ಆದರೆ ಒಟ್ಟು ಸಂಖ್ಯೆಯಲ್ಲಿ ಸಿಂಹಪಾಲು ಯಕೃತ್ತಿನದು. ಇದಕ್ಕೆ ಸಾಕ್ಷಿ ನುಡಿದವಳು ಆರು ವರ್ಷದ ಒಬ್ಬ ಬಾಲೆ. ತಾಯಿತಂದೆ ಇಬ್ಬರಿಂದಲೂ ದೋಷಯುಕ್ತ ಜೀನ್ ಪಡೆದಿದ್ದ ಅವಳ ಹೃದಯ ಆ ವಯಸ್ಸಿಗೇ ಸೋತಿತ್ತು. 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅವಳಿಗೆ ಬೇರೆ ಹೃದಯದೊಡನೆ ಬೇರೆ ಯಕೃತ್ತನ್ನೂ ಜೋಡಿಸಿದರು. ಉಳಿದ ಅಂಗಗಳೆಲ್ಲ ಹಳೆಯವೇ. ಆದರೂ ಅವಳ ರಕ್ತದ ಎಲ್‌ಡಿಎಲ್ ಐದರಲ್ಲಿ ನಾಲ್ಕು ಪಾಲು ಇಳಿಯಿತು.

ಸ್ಟ್ಯಾಟಿನ್ ಔಷಧಗಳ ಗುಟ್ಟೂ ಇಲ್ಲೇ ಇದೆ. ಅವು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುತ್ತವೆ. ಕೊರತೆ ಕಂಡ ಕೋಶವು ಹೆಚ್ಚು ಗ್ರಾಹಕಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ರಕ್ತದಿಂದ ಕೊಲೆಸ್ಟರಾಲನ್ನು ಕರೆದುಕೊಳ್ಳುತ್ತದೆ.

ತಾಯಿ ಅಥವಾ ತಂದೆ, ಒಬ್ಬರಿಂದ ಮಾತ್ರ ಈ ಬಗೆಯ ದೋಷ ಪಡೆದವರು ಸುಮಾರು 300 ಜನರಲ್ಲಿ ಒಬ್ಬರಿದ್ದಾರೆ. ನಡುವಯಸ್ಸಿಗೆ ಮುನ್ನವೇ ಹೃದಯಾಘಾತ ಕಂಡ ಮನೆತನಗಳಲ್ಲಿ ಅದನ್ನು ಹಣೆಬರಹವೆಂದು ಸುಮ್ಮನಾಗುವುದುಂಟು. ಬರಹವೇನೋ ನಿಜ, ಅದು ಜೀನಿನ ಬರಹ. ಆದರೆ ಅದನ್ನು ಓದಲು ಈಗ ನಮಗೆ ಬರುತ್ತದೆ. ಅಂಥ ಮನೆಗಳಲ್ಲಿ ಮಕ್ಕಳ ರಕ್ತವನ್ನೂ ಒಮ್ಮೆ ಪರೀಕ್ಷಿಸಿದರೆ, ಓದಿದ್ದನ್ನು ತಿದ್ದಲು ಕಾಲಾವಕಾಶ ಉಳಿದಿರುತ್ತದೆ.