ಕಟ್ಟಡಕ್ಕಿಂತ 23 ವರ್ಷ ಹಿರಿಯ ಸಂಘ: ಹೆಗ್ಗೋಡಿನ ರಂಗಮಂದಿರದ ಕಥೆ

‘ಲೂಸಿಯಾ’ ಸಿನಿಮಾದ ಹೀರೋ ಸತೀಶ್ ನೀನಾಸಂ ಗೊತ್ತಲ್ವಾ? ಅವರ ಹೆಸರಿನ ಜೊತೆಗಿರೋ ‘ನೀನಾಸಂ’ ಮನೆತನದ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಅದೊಂದು ನಾಟಕ ಸಂಘದ ಹೆಸರು. ‘ಕಾಂತಾರ’ದಲ್ಲಿ ಧಣಿಯ ಪಾತ್ರ ಮಾಡಿದ ಅಚ್ಯುತ್ ಕುಮಾರ್ ಕೂಡ ಅಲ್ಲೇ ಕಲಿತವರು. ಇವತ್ತಿನ ಎಪಿಸೋಡ್ ಆ ಸಂಘದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಸಂಘ ಕಟ್ಟಿಕೊಂಡ ರಂಗಮಂದಿರದ ಬಗ್ಗೆ.

ಊರು ಹೆಗ್ಗೋಡು. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ಸುತ್ತ ಅಡಿಕೆ ತೋಟ, ಕಾಡು, ಮಳೆ. ಪೇಟೆ ಅಂತ ಕರೆಯೋಕೂ ಆಗದಷ್ಟು ಚಿಕ್ಕ ಊರು. 1949ರಲ್ಲಿ ಇಲ್ಲಿನ ಒಂದಷ್ಟು ಜನ ಸೇರಿ ‘ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ’ ಶುರು ಮಾಡ್ತಾರೆ. ಅದರ ಮೊದಲಕ್ಷರಗಳನ್ನ ಜೋಡಿಸಿದ್ರೆ ನೀನಾಸಂ. ಆ ಗುಂಪಲ್ಲಿದ್ದ ಕೆ.ವಿ. ಸುಬ್ಬಣ್ಣ ಅವರಿಗೆ ಆಗ 17 ವರ್ಷ. ಮುಂದೆ ಅವರು ಮೈಸೂರಿಗೆ ಹೋಗಿ ಓದಿ, ಪಟ್ಟಣದಲ್ಲಿ ಕೆಲಸ ಹಿಡಿಯದೆ ವಾಪಸ್ ಊರಿಗೇ ಬಂದ್ರು. ತೋಟ ನೋಡಿಕೊಂಡು, ಪುಸ್ತಕ ಪ್ರಕಟಿಸಿಕೊಂಡು, ನಾಟಕ ಮಾಡಿಸಿಕೊಂಡು ಅಲ್ಲೇ ಉಳಿದ್ರು.

ಈಗ ಇಸವಿ ಗಮನಿಸಿ. ಸಂಘ ಶುರುವಾಗಿದ್ದು 1949. ರಂಗಮಂದಿರ ಬಂದಿದ್ದು 1972. ಮಧ್ಯೆ 23 ವರ್ಷ. ಅಂದ್ರೆ ಕಟ್ಟಡ ಬರೋ ಹೊತ್ತಿಗೆ ಆ ಊರಲ್ಲಿ ನಾಟಕ ಆಡೋರ, ನೋಡೋರ ಒಂದು ತಲೆಮಾರೇ ಬೆಳೆದಿತ್ತು. ಮೊದಲು ಜನ, ಆಮೇಲೆ ಗೋಡೆ. ನಮ್ಮಲ್ಲಿ ಸಾಮಾನ್ಯವಾಗಿ ಆಗೋದು ಇದರ ಉಲ್ಟಾ: ಮೊದಲು ಅನುದಾನ, ಆಮೇಲೆ ಶಂಕುಸ್ಥಾಪನೆ, ಆಮೇಲೆ ಉದ್ಘಾಟನೆ. ಜನ ಯಾವಾಗ ಬರ್ತಾರೆ ಅನ್ನೋದು ಯಾರಿಗೂ ಗೊತ್ತಿರಲ್ಲ.

ಹಾಗಂತ ಕಟ್ಟಡ ಬೇಕಿರಲಿಲ್ಲ ಅಂತಲ್ಲ. ಮಲೆನಾಡಿನ ಮಳೆ ಗೊತ್ತಿರೋರಿಗೆ ಸೂರಿನ ಬೆಲೆ ಹೇಳಬೇಕಿಲ್ಲ. ಜೂನ್ ಬಂದ್ರೆ ಬಯಲಲ್ಲಿ ಚಪ್ಪರ ಹಾಕಿ ನಾಟಕ ಆಡೋ ಮಾತೇ ಇಲ್ಲ. ಸೂರು ಬಂದ ಮೇಲೆ ಮಳೆಗಾಲವೂ ನಾಟಕದ ಕಾಲ ಆಯ್ತು. ಕತ್ತಲು ಮಾಡಬಹುದಾದ ಒಂದು ದೊಡ್ಡ ಹಾಲ್ ಇದ್ರೆ ಸಿನಿಮಾನೂ ತೋರಿಸಬಹುದಲ್ವಾ? ಮರುವರ್ಷ, 1973ರಲ್ಲಿ, ‘ನೀನಾಸಂ ಚಿತ್ರಸಮಾಜ’ ಹುಟ್ಟಿತು. ಯೂಟ್ಯೂಬ್ ಇಲ್ಲದ, ಮನೆಮನೆಗೆ ಟಿವಿಯೂ ಬಂದಿರದ ಕಾಲದಲ್ಲಿ ಅಡಿಕೆ ಬೆಳೆಯೋ ಜನ ಜಗತ್ತಿನ ಒಳ್ಳೊಳ್ಳೆ ಸಿನಿಮಾಗಳನ್ನ ನೋಡಿ, ಅದರ ಬಗ್ಗೆ ಕೂತು ಚರ್ಚೆ ಮಾಡೋಕೆ ಶುರು ಮಾಡಿದ್ರು. ಆ ರಂಗಮಂದಿರಕ್ಕಿರೋ ಹೆಸರು ಶಿವರಾಮ ಕಾರಂತರದ್ದು. ಕಾದಂಬರಿ, ಯಕ್ಷಗಾನ, ನಾಟಕ, ವಿಜ್ಞಾನ ಎಲ್ಲದಕ್ಕೂ ಕೈ ಹಾಕಿದವರ ಹೆಸರು ಇಂಥ ಜಾಗಕ್ಕೆ ಸರಿಯಾಗೇ ಒಪ್ಪುತ್ತೆ.

ನಾನು ಓದಿದ್ದು ಬಿಕಾಂ. ಹಾಗಾಗಿ ಇದನ್ನ ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಕಟ್ಟಡ ಅನ್ನೋದು ಸ್ಥಿರ ಆಸ್ತಿ. ಕಟ್ಟಿದ ವರ್ಷದಿಂದಲೇ ಅದಕ್ಕೆ ಸವಕಳಿ ಶುರು. ಬಳಸಿದ್ರೂ ಸವೆಯುತ್ತೆ, ಬೀಗ ಹಾಕಿಟ್ರೂ ಸವೆಯುತ್ತೆ. ಬೀಗ ಹಾಕಿದ್ರೆ ಇನ್ನೂ ಬೇಗ, ಯಾಕಂದ್ರೆ ಸೋರೋ ಹೆಂಚನ್ನ ನೋಡೋಕೂ ಯಾರೂ ಇರಲ್ಲ. ಆ ಆಸ್ತಿಯಿಂದ ಏನಾದ್ರೂ ಹುಟ್ಟಬೇಕು ಅಂದ್ರೆ ಅದರೊಳಗೆ ದಿನನಿತ್ಯದ ಕೆಲಸ ನಡೀತಾ ಇರಬೇಕು.

ಹೆಗ್ಗೋಡಿನವರು ಮಾಡಿದ್ದು ಅದನ್ನೇ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯ್ತು. ಬೇರೆ ಬೇರೆ ಊರಿನ ಹುಡುಗರು, ಹುಡುಗಿಯರು ಬಂದು ಅಲ್ಲೇ ಇದ್ದು ನಟನೆ, ಬೆಳಕು, ರಂಗಸಜ್ಜಿಕೆ ಕಲಿಯೋ ಜಾಗ. 80ರ ದಶಕದಲ್ಲೇ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಅನ್ನೋ ಯೋಜನೆ ನಡೀತು. ನಾಟಕ ಮತ್ತು ಸಿನಿಮಾ ಶಿಬಿರಗಳು ಬೇರೆ ಹಳ್ಳಿಗಳಿಗೂ ಹೋದ್ವು. 1985ರಲ್ಲಿ ‘ತಿರುಗಾಟ’ ಬಂತು. ಯಕ್ಷಗಾನ ಮೇಳಗಳು ಊರೂರು ಸುತ್ತೋದಕ್ಕೆ ನಮ್ಮ ಕಡೆ ಇರೋ ಪದವೇ ಅದು. ನಾಟಕ ತಂಡ ರಂಗಸಜ್ಜಿಕೆ, ಲೈಟು ಎಲ್ಲ ಹೊತ್ಕೊಂಡು ಕರ್ನಾಟಕ ಸುತ್ತೋದು. ಇದರ ಜೊತೆಗೆ ವರ್ಷಕ್ಕೊಮ್ಮೆ ಸಂಸ್ಕೃತಿ ಶಿಬಿರ. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ್ರು. ಕೆಲಸ ನಿಲ್ಲಲಿಲ್ಲ. ನನಗೆ ಮುಖ್ಯ ಅನ್ನಿಸೋದು ಇದೇ: ಒಬ್ಬರ ಕನಸು ಅವರ ನಂತರವೂ ನಡೀಬೇಕಾದ್ರೆ ಅದಕ್ಕೊಂದು ಟೈಮ್‌ಟೇಬಲ್ ಇರಬೇಕು.

‘ಅಲ್ಲಿ ಸುಬ್ಬಣ್ಣ ಇದ್ರು, ನಮ್ಮೂರಲ್ಲಿ ಯಾರಿದಾರೆ?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಂಥವರು ಊರಿಗೊಬ್ಬರು ಹುಟ್ಟಲ್ಲ. ಆದ್ರೆ ಸುಬ್ಬಣ್ಣ ಕೂಡ ಒಬ್ಬರೇ ನಾಟಕ ಆಡಲಿಲ್ಲ. ಬಣ್ಣ ಹಚ್ಚೋರು, ಪರದೆ ಎಳೆಯೋರು, ಕೆಲಸ ಮುಗಿಸಿ ಬಂದು ಮುಂದೆ ಕೂರೋರು, ಇವರೆಲ್ಲ ಊರಿನವರೇ. ಅವರು ಬರದೇ ಇದ್ದಿದ್ರೆ ಮ್ಯಾಗ್ಸೆಸೆನೂ ಇಲ್ಲ, ತಿರುಗಾಟನೂ ಇಲ್ಲ.

ಅದಕ್ಕೇ ಒಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ತಾಲ್ಲೂಕಲ್ಲಿ ಒಂದು ರಂಗಮಂದಿರವೋ, ಸಮುದಾಯ ಭವನವೋ, ಹಳೇ ಟೌನ್ ಹಾಲೋ ಇದ್ದೇ ಇರುತ್ತೆ. ಈ ವಾರ ಹೋಗಿ ಮೂರು ವಿಷಯ ವಿಚಾರಿಸಿ. ಬೀಗದ ಕೈ ಯಾರ ಹತ್ರ ಇದೆ? ಒಂದು ದಿನದ ಬಾಡಿಗೆ ಎಷ್ಟು? ಕಳೆದ ವರ್ಷ ಅಲ್ಲಿ ಎಷ್ಟು ನಾಟಕ ಆಗಿದೆ? ಮೂರನೇದಕ್ಕೆ ‘ಒಂದೂ ಇಲ್ಲ’ ಅಂತ ಉತ್ತರ ಬಂದ್ರೆ ಬೇಜಾರಾಗಬೇಡಿ. ಹೆಗ್ಗೋಡಿನವರ ಹತ್ರ 23 ವರ್ಷ ಆ ಕಟ್ಟಡವೂ ಇರಲಿಲ್ಲ. ನಿಮ್ಮ ಹತ್ರ ಅದಾದ್ರೂ ಇದೆ. ಇನ್ನು ಬೇಕಿರೋದು ನಾಟಕ ಅಂದ್ರೆ ಇಷ್ಟ ಇರೋ ನಾಲ್ಕು ಜನ, ಮತ್ತೆ ತಿಂಗಳಿಗೊಂದು ಸಂಜೆ.

ಏನು ಉತ್ತರ ಸಿಕ್ತು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.