ಗುಲಾಮಗಿರಿಯನ್ನು ನೆನೆಯುವ ಊಟ
(ರಾಮನಗುಳಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮುಂದಿನ ವಾರ ಪವಿತ್ರ ಗುರುವಾರ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಆದ್ದರಿಂದ ಎಲ್ಲರಿಗೂ ತಿಳಿಯೋ ಹಾಗೆ ಹೇಳ್ತೇವೆ. ಯೇಸುಸ್ವಾಮಿ ಯೆಹೂದ್ಯರು. ಅವರ ತಾಯಿ ಮರಿಯಮ್ಮನವರೂ ಯೆಹೂದ್ಯ ಹೆಣ್ಣುಮಗಳೇ. ಯೇಸು ಶಿಷ್ಯರೊಡನೆ ಮಾಡಿದ ಕಡೆಯ ಭೋಜನ ಪಾಸ್ಖ ಹಬ್ಬದ ಊಟವೆಂದು ಮತ್ತಾಯ, ಮಾರ್ಕ, ಲೂಕರು ಬರೆದಿದ್ದಾರೆ.

ಪಾಸ್ಖ ಅಂದ್ರೆ ಏನು? ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುವ ಗುಲಾಮರಾಗಿದ್ದವರು ರಾತ್ರೋರಾತ್ರಿ ಬಿಡುಗಡೆಯಾಗಿ ಹೊರಟ ನೆನಪು. ವಿಮೋಚನಾಕಾಂಡದ 12ನೇ ಅಧ್ಯಾಯದಲ್ಲಿದೆ. ಹಿಟ್ಟು ಹುಳಿ ಬರೋ ತನಕ ಕಾಯಲು ಅವರಿಗೆ ಪುರಸೊತ್ತಿರಲಿಲ್ಲ. ದೋಸೆ ಹಿಟ್ಟು ಉಬ್ಬೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ! ಅದಕ್ಕೇ ಆ ಹಬ್ಬದಲ್ಲಿ ಇವತ್ತಿಗೂ ಹುಳಿಯಿಲ್ಲದ ರೊಟ್ಟಿ. ನಮ್ಮ ಬಲಿಪೂಜೆಯ ರೊಟ್ಟಿಯ ಬೇರು ಅಲ್ಲಿದೆ. ಜೊತೆಗೆ ಕಹಿ ಸೊಪ್ಪು ತಿನ್ನುತ್ತಾರೆ, ದಾಸ್ಯದ ಕಹಿ ನಾಲಿಗೆಗೆ ತಾಗಲಿ ಎಂದು. ಮನೆಯ ಚಿಕ್ಕ ಮಗು ಈ ರಾತ್ರಿಯ ವಿಶೇಷವೇನೆಂದು ಕೇಳುತ್ತದೆ, ದೊಡ್ಡವರು ತಾವೇ ಈಜಿಪ್ಟಿನಿಂದ ಹೊರಟು ಬಂದವರ ಹಾಗೆ ಕಥೆ ಹೇಳುತ್ತಾರೆ. ಗುಲಾಮರ ಮಕ್ಕಳು ಎಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ.

ನಮ್ಮ ಸಿದ್ದಿ ಅಕ್ಕಂದಿರಿಗೆ ಈ ಕಥೆ ದೂರದ್ದಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅದೇ ಗೋವೆಯಲ್ಲಿ, 1560ರಲ್ಲಿ ಶುರುವಾದ ಇಂಕ್ವಿಸಿಷನ್ ಎಂಬ ಧರ್ಮವಿಚಾರಣೆ ಯೆಹೂದ್ಯ ಮೂಲದ ಕ್ರೈಸ್ತರನ್ನೂ ಹಿಂಸಿಸಿತು. ಗುಟ್ಟಾಗಿ ಹಳೆಯ ಆಚಾರ ನಡೆಸ್ತಾರೆ ಅನ್ನೋದು ಅವರ ಮೇಲಿದ್ದ ಆರೋಪ. ನಮ್ಮ ಧರ್ಮಸಭೆಯ ಹೆಸರಿನಲ್ಲೇ ಇದು ನಡೆಯಿತು, ಮುಚ್ಚಿಡುವುದು ಬೇಡ.

ಯೇಸುವನ್ನು ಕೊಂದವರು ಎಂದು ಯೆಹೂದ್ಯರನ್ನೆಲ್ಲ ಶತಮಾನಗಳ ಕಾಲ ದೂರಿದರು. ಶಿಲುಬೆಯ ತೀರ್ಪು ಕೊಟ್ಟವನು ರೋಮಿನ ಅಧಿಕಾರಿ ಪಿಲಾತ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಎಂದು ಸ್ಪಷ್ಟಪಡಿಸಿತು. 1986ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ರೋಮಿನ ಯೆಹೂದ್ಯ ಪ್ರಾರ್ಥನಾಲಯಕ್ಕೆ ಹೋಗಿ ಅವರನ್ನು ನಮ್ಮ ಅಣ್ಣಂದಿರು ಎಂದರು. ಹಾಗಂತ ಅವರ ಹಬ್ಬವನ್ನು ನಾವು ನಕಲು ಮಾಡೋದು ಬೇಡ. ಅದು ಅವರದ್ದು. ಗೌರವದಿಂದ ತಿಳಿದುಕೊಂಡರೆ ಸಾಕು.

2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸರ್ಟಿಫಿಕೇಟ್ ಬಂತು. ಆದರೆ ಕೂದಲು ನೋಡಿ ನಗುವವರ ಎದುರು ನಮ್ಮ ಮಕ್ಕಳು ತಲೆ ತಗ್ಗಿಸುತ್ತಾರೆ, ಅಜ್ಜಿಯ ಕಥೆ ಕೇಳಲಿಕ್ಕೂ ನಾಚುತ್ತಾರೆ. ಮುಂದಿನ ಸಭೆಗೆ ಮಕ್ಕಳನ್ನೂ ಕರೆತನ್ನಿ. ಉಳಿತಾಯದ ಹಣ ಎಣಿಸುವ ಮೊದಲು ಒಂದು ಮಗು ಕೇಳಲಿ: ನಾವು ಈ ಕಾಡಿಗೆ ಹೇಗೆ ಬಂದೆವು? ಹಿರಿಯ ಅಜ್ಜಿ ಉತ್ತರ ಹೇಳಲಿ. ಪಾಸ್‌ಬುಕ್ ಆಮೇಲೆ ತೆಗೆಯೋಣ.